ಸೊಣ್ಣಪ್ಪನ ಒತ್ತು

ಓಲಗದ ಮೇಳದಲ್ಲಿ ಒತ್ತು ಊದುವವನ ಮುಖ ನೋಡುವವರು ಯಾರು? ನಾಗಸ್ವರದವನಿಗೆ ಶಾಲು, ಡೋಲಿನವನಿಗೆ ಭೇಷ್. ಒತ್ತಿನವನು ಮಾತ್ರ ಬೆರಳಾಡಿಸಲು ತೂತೇ ಇಲ್ಲದ ಉದ್ದನೆಯ ಕೊಳವೆ ಹಿಡಿದು, ಒಂದೇ ಸ್ವರವನ್ನು ಕಡಿಯದೆ ಊದುತ್ತಾ ಹಿಂದೆ ಕೂತಿರಬೇಕು. ಬಾಯಿಂದ ಗಾಳಿ ಹೋಗುತ್ತಿರುವಾಗಲೇ ಮೂಗಿಂದ ಎಳೆದುಕೊಳ್ಳಬೇಕು. ಇದನ್ನು ಕಲಿಯಲು ಸೊಣ್ಣಪ್ಪ ಪರಂಗಿ ಎಲೆಯ ದಂಟನ್ನು ನೀರಿನ ಚೊಂಬಿಗಿಟ್ಟು ಎರಡು ವರ್ಷ ಗುಳುಗುಳು ಎನಿಸಿದ್ದ. ಹೊಸದಾಗಿ ಮದುವೆಯಾಗಿ ಬಂದಿದ್ದ ಅಂಜಿನಮ್ಮ, "ಎಮ್ಮೆ ನೀರು ಕುಡ್ದಂಗೈತೆ," ಎಂದು ನಗುತ್ತಿದ್ದಳು.

ಆ ನಗುವೆಲ್ಲ ಎಂಬತ್ತನೇ ಇಸವಿಯವರೆಗೆ. ಹೊಸೂರಿನಲ್ಲಿ ಕಾರ್ಖಾನೆಗಳೆದ್ದಾಗ ಉದ್ದನಪಲ್ಲಿಯಿಂದ ಸೊಣ್ಣಪ್ಪನೂ ಒಂದು ಎರಕದ ಷೆಡ್ಡಿಗೆ ಸೇರಿದ. ಲಗ್ನದ ದಿನಗಳಲ್ಲಿ ಒತ್ತು, ಮಿಕ್ಕ ದಿನ ಮರಳಿನ ದೂಳು. ಮೂರೇ ವರ್ಷಕ್ಕೆ ಕೆಮ್ಮು ಹಿಡಿಯಿತು. ಟವೆಲಿನಲ್ಲಿ ರಕ್ತ ಕಂಡ ದಿನ ಅಂಜಿನಮ್ಮ ಅದನ್ನು ಹಿಡಿದುಕೊಂಡೇ ಗಂಡನ ಮುಂದೆ ಬಂದು ನಿಂತಳು.

"ಅಣ್ಣಂಗೆ ಹೇಳ್ತೀನಿ," ಎಂದಳು. ಮೇಳದಲ್ಲಿ ನಾಗಸ್ವರ ನುಡಿಸುವ ಹನುಮಂತರಾಯಪ್ಪ ಅವಳ ಒಡಹುಟ್ಟಿದ ಅಣ್ಣ.

"ಹೇಳಿದ್ರೆ ನನ್ನಾಣೆ ಕಣೇ. ಭಾವ ಆಗ್ಲೇ ಬೆಂಗ್ಳೂರಾಗೆ ಕರೆಂಟಿನ ಶ್ರುತಿ ಪೆಟ್ಟಿಗೆ ನೋಡ್ಕೊಂಡ್ ಬಂದವ್ರೆ. ಗುಂಡಿ ತಿರುಗಿಸಿದ್ರೆ ಸಾಕು, ತಾನೇ ಕುಂಯ್ ಅಂತಿರ್ತದಂತೆ. ಆಮ್ಯಾಕೆ ನಾನ್ಯಾಕೆ?"

ಆಣೆ ಎಂದರೆ ಆಣೆ. ಅವಳು ಅಣ್ಣನಿಗೆ ಹೇಳಲಿಲ್ಲ. ಹಾಳು ಆಣೆ!

ಬೇರಿಕೆ ಊರಿನ ಮದುವೆಗೆ ಮೇಳದ ಜತೆ ಅವಳೂ ಹೋದಳು, ಮನೆಯಲ್ಲಿರಲು ಮನಸ್ಸು ತಡೆಯಲಿಲ್ಲ. ಹೆಂಗಸರ ನಡುವೆ ಕೂತು ಗಂಡನ ಕೆನ್ನೆಯನ್ನೇ ನೋಡುತ್ತಿದ್ದಳು. ಕೆನ್ನೆ ಉಬ್ಬಿದ್ದರೆ ಉಸಿರಿದೆ ಎಂದು ಧೈರ್ಯ. ಧಾರೆ ಮುಗಿದು ಮದುಮಗ ತಾಳಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಆ ಕೆನ್ನೆ ಒಳಕ್ಕೆ ಬಿದ್ದಿತು. ಮುಂದೆ ಕೂತ ಹನುಮಂತರಾಯಪ್ಪನಿಗೆ ಅದು ಕಾಣಲಿಲ್ಲ. ಸೊಣ್ಣಪ್ಪ ಕೊಳವೆ ಬಿಟ್ಟು, ಉಸಿರು ಸಿಗದೆ, ಬಲಗೈ ಮೇಲೆತ್ತಿ ಆಡಿಸಿದ.

ಮುಹೂರ್ತದಲ್ಲಿ ಕೈಯೆತ್ತಿ ಆಡಿಸಿದರೆ ಗಟ್ಟಿಮೇಳ ಎಂದೇ ಅರ್ಥ. ಸೀನು, ಕೆಮ್ಮು, ಕೆಟ್ಟ ಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದೆಂದು ಆಗ ಕಿವಿ ಕಿತ್ತುಹೋಗುವಂತೆ ಬಾರಿಸುತ್ತಾರೆ. ಪುರೋಹಿತರು ಜನರ ಮರೆಯಲ್ಲಿದ್ದರು. ಡೋಲಿನ ಪಾಪಯ್ಯ ಕಂಡ ಕೈಯನ್ನೇ ಸನ್ನೆ ಎಂದುಕೊಂಡು ಬಾರಿಸಿಬಿಟ್ಟ. ಸೊಣ್ಣಪ್ಪ ಇನ್ನೂ ಜೋರಾಗಿ ಕೈಯಾಡಿಸಿದ. ಪಾಪಯ್ಯ ಇನ್ನೂ ಜೋರಾಗಿ ಬಡಿದ.

"ನಿಲ್ಸ್ರೋ! ಸಾಯ್ತಾವ್ರೆ ಕಣ್ರೋ!"

ಅಂಜಿನಮ್ಮ ಕಿರುಚಿದ್ದೇ ತಡ, ಪಕ್ಕದ ಹೆಂಗಸರು ಗಬಕ್ಕನೆ ಅವಳ ಬಾಯಿ ಮುಚ್ಚಿದರು. ತಾಳಿ ಕಟ್ಟುವಾಗ ಅಂಥ ಮಾತೇ, ಥೂ! ಮೂರು ಗಂಟು ಬೀಳುವವರೆಗೂ ಕೈ ತೆಗೆಯಲಿಲ್ಲ. ಎಲ್ಲರೂ ಎರಚಿದ ಅಕ್ಷತೆ ಸೊಣ್ಣಪ್ಪನ ಮೇಲೂ ಬಿತ್ತು.

ಚಪ್ಪರದ ಹಿಂದಕ್ಕೆ ಹೊತ್ತು ತಂದಾಗ ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ. ಹನುಮಂತರಾಯಪ್ಪ ಅಳುತ್ತಲೇ ತಂಗಿಯ ಎರಡೂ ಕೈ ಹಿಡಿದುಕೊಂಡ.

"ಅಮ್ಮಯ್ಯಾ, ಈಗ್ಲೇ ಅಳ್ಬ್ಯಾಡ. ಜನ ಉಂಡೋಗ್ಲಿ. ಮುಹೂರ್ತದಾಗೆ ಹೆಣ ಬಿತ್ತು ಅಂದ್ರೆ ಆ ಹುಡ್ಗೀನ ಬಾಳಿಸ್ತಾರಾ? ನಮ್ ಮೇಳಾನ ಇನ್ಯಾರು ಕರೀತಾರೆ? ತಲೆಸುತ್ತು ಅನ್ನು, ನಿನ್ ಕಾಲಿಗ್ ಬೀಳ್ತೀನಿ."

ಅವಳಿಗೆ ಅಣ್ಣನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಆ ಹುಡುಗಿಗೆ ಹದಿನೇಳೋ ಹದಿನೆಂಟೋ, ಅವಳೇನು ಮಾಡಿದ್ದಳು ಪಾಪ? ಅಂಜಿನಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರೋ ಬೀಸಣಿಗೆ ತಂದುಕೊಟ್ಟರು.

ಕೈ ತೊಳೆಯಲು ಬಂದವರು, "ಏನಾಯ್ತಮ್ಮಾ?" ಎಂದು ಕೇಳಿದರು.

"ತಲೆಸುತ್ತು," ಎಂದಳು.

"ಮಜ್ಜಿಗೆ ಕುಡ್ಸು, ಸರಿಯೋಯ್ತದೆ," ಎಂದು ಹೇಳಿಹೋದರು.

ಮೂರನೇ ಪಂಕ್ತಿ ಎದ್ದು ಎಂಜಲೆಲೆ ತೆಗೆಯುವವರೆಗೂ, ತಣ್ಣಗಾಗುತ್ತಿದ್ದ ಆ ಮುಖಕ್ಕೆ ಅವಳು ಗಾಳಿ ಬೀಸುತ್ತಲೇ ಇದ್ದಳು.