ಒಂಟಿ ಕಾಲಿನ ಕೆಲಸ

“ಕಾಲು ಎತ್ತೂಕೆ ಆಗೂದಿಲ್ವಂತೆ! ಎಂಟು ತಿಂಗ್ಳ ಹಿಂದೆ ಹ್ಯಾಂಗೆ ಎತ್ತಿದ್ಯೇ ರಂಡೆ?”

ಪಾಂಡು ಶೆಡ್ಡಿನ ಆ ತುದಿಗೂ ಕೇಳುವಂತೆ ನಕ್ಕ. ಗೇರುಬೀಜ ಕಾರ್ಖಾನೆಯ ಮೇಸ್ತ್ರಿ ಅವನು. ಅವನು ನಕ್ಕರೆ ಕಟಿಂಗ್ ಹೆಂಗಸರೂ ನಗಬೇಕು. ನಾಲ್ಕೈದು ಜನ ತಲೆ ಎತ್ತದೆಯೇ ನಕ್ಕರು. ಬೈಸಿಕೊಂಡ ದುರ್ಗಿಯ ಪಕ್ಕದ ಮಷೀನಿನ ನಾಗಿಯೂ ನಕ್ಕಳು. ನಾಗಿ ಅವಳ ಕೇರಿಯವಳೇ. ಮಿರ್ಜಾನದ ಊರಾಚೆಯ ಮುಕ್ರಿ ಕೇರಿಯಿಂದ ಇಬ್ಬರೂ ಒಂದೇ ಟೆಂಪೋದಲ್ಲಿ ಬರುವವರು.

ದುರ್ಗಿ ನಗಲಿಲ್ಲ. ಬಲಗಾಲನ್ನು ಪೆಡಲಿನ ಮೇಲಿಟ್ಟು ಒತ್ತಿದಳು.

ಬೇಯಿಸಿದ ಗೇರುಬೀಜವನ್ನು ಎರಡು ಅಲಗಿನ ನಡುವೆ ಇಡಬೇಕು, ಕೈಯಲ್ಲಿ ಹಿಡಿ ಎಳೆಯಬೇಕು, ಕಾಲಲ್ಲಿ ಪೆಡಲು ಒತ್ತಬೇಕು. ಸಿಪ್ಪೆ ಎರಡಾಗುತ್ತದೆ. ಒಂದು ಬೀಜಕ್ಕೆ ಒಂದು ಸಲ. ಅಷ್ಟು ಹೊತ್ತೂ ಮೈಯ ಭಾರವೆಲ್ಲ ಎಡಗಾಲಿನ ಮೇಲೆ. ಏಳು ತಿಂಗಳು ತುಂಬಿದಂದಿನಿಂದ, ಹಾಗೆ ನಿಂತಾಗಲೆಲ್ಲ ತೊಡೆಗಳು ಕೂಡುವಲ್ಲಿಯ ಎಲುಬನ್ನು ಯಾರೋ ಅದೇ ಅಲಗಿಗಿಟ್ಟು ಸೀಳಿದ ಹಾಗಾಗುತ್ತಿತ್ತು.

ಗಂಡ ಶಿವ ಮಲ್ಪೆಯ ಬೋಟಿಗೆ ಹೋಗಿ ಎರಡು ತಿಂಗಳು. ಫೋನು ಮಾಡಿದಾಗ ನೋವು ಎಲ್ಲಿ ಎಂದು ಕೇಳಿದ್ದ. ಬೋಟಿನ ಗಂಡಸರೆಲ್ಲ ಪಕ್ಕದಲ್ಲೇ ಇರುತ್ತಾರೆಂದು ದುರ್ಗಿ ‘ಸೊಂಟ’ ಎಂದಿದ್ದಳು. “ಬಸ್ರಿ ಆದ್ಮೇಲೆ ಸೊಂಟ ನೋಯೂದೇಯ,” ಎಂದು ಅವನು ಫೋನು ಇಟ್ಟಿದ್ದ. ಅವನ ಹಳೇ ಲುಂಗಿಯನ್ನು ಮಡಚಿ ಸೊಂಟದ ಕೆಳಗೆ ಬಿಗಿದು ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಲಂಗವನ್ನು ಕೂತೇ ತೊಡುತ್ತಿದ್ದಳು. ಮಲಗಿದಲ್ಲಿ ಮಗ್ಗಲು ಬದಲಿಸಬೇಕಾದರೆ ಕಂಬಳಿಯ ಸುರುಳಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಎರಡೂ ಕಾಲು ಜೋಡಿಸಿ ಹೊರಳುತ್ತಿದ್ದಳು. ಇದನ್ನೆಲ್ಲ ಹೇಳಿಕೊಟ್ಟವಳು ಆಶಾ ಕಾರ್ಯಕರ್ತೆ ಮಾಲಿನಿ. “ಕೀಲು ಸಡ್ಲ ಆಗ್ಯದೆ ಅಷ್ಟೇ, ಮಗುಗೆ ಎಂತೂ ಆಗೂದಿಲ್ಲ. ಆದ್ರೆ ಒಂದೇ ಕಾಲ ಮೇಲೆ ಮಾತ್ರ ನಿಲ್ಬೇಡ, ತಂಗಿ,” ಎಂದಿದ್ದಳು. ಕೂತು ಮಾಡುವ ಕೆಲಸ ಕೊಡಬೇಕೆಂದು ಡಾಕ್ಟರಿಂದ ಚೀಟಿಯನ್ನೂ ಬರೆಸಿ ಕೊಟ್ಟಿದ್ದಳು.

ಆ ಚೀಟಿ ಬೆಳಿಗ್ಗೆಯಿಂದ ಪಾಂಡುವಿನ ಮೇಜಿನ ಮೇಲೆಯೇ ಬಿದ್ದಿತ್ತು.

“ಒಳಗೆ ಪೀಲಿಂಗಿಗೆ ಹಾಕಿ, ಒಡ್ಯಾ. ಕೂತ್ಕಂಡು ಕೆಂಪು ಸಿಪ್ಪೆ ಸುಲೀತೆ,” ಎಂದಳು ದುರ್ಗಿ.

“ನಿನ್ ಕೈ ನೋಡ್ಕಂಡ್ಯಾ? ಗೇರೆಣ್ಣೆ ಹಿಡ್ದು ಕರೀ ಆಗ್ಯದೆ. ಒಳಗಿಂದು ಬಿಳೀ ಬೀಜ. ದೇವ್ರ ನೈವೇದ್ಯಕ್ಕೆಲ್ಲ ಹೋಗೂದು.”

“ಶ್ರೀಗೌರಿ ಕೈ ಕರೀ ಇರ್ಲಿಲ್ವಾ? ಹೋದ ತಿಂಗ್ಳವರಿಗೆ ನನ್ ಬಲಬದಿ ಮಷೀನಲ್ಲೇ ಇತ್ತು ಅದು. ಮಂಡಿನೋವು ಅಂದದ್ದೇ ಒಳಗೆ ಹಾಕಿದ್ರಿ.”

ಪಾಂಡುವಿನ ನಗು ನಿಂತಿತು. ಹತ್ತಿರ ಬಂದು ದನಿ ತಗ್ಗಿಸಿದ.

“ಅದು ಯಾರ ಮನೇದು, ನೀ ಯಾರ ಮನೇದು ಅಂತ ನನ್ ಬಾಯಲ್ಲಿ ಹೇಳಿಸ್ಬೇಡ. ಹೇಳಿದ್ರೆ ಜೈಲಿಗೆ ಹಾಕೂಕೆ ಈಗ ಕಾನೂನು ಅದೆ. ಆಗೂದಿಲ್ಲ ಅಂದ್ರೆ ಮನೆಗೆ ನಡೆ. ಈ ಪೆಡಲಿಗೆ ಬೇರೆ ಕಾಲು ಸಿಕ್ತದೆ.”

ಮನೆಗೆ ನಡೆದರೆ ಹೆತ್ತ ಮೇಲೆ ಈ ಮಷೀನೂ ಇರುವುದಿಲ್ಲ. ದುರ್ಗಿ ಇನ್ನೆರಡು ಬೀಜ ಒಡೆದಳು. ಮೂರನೆಯದಕ್ಕೆ ಕಾಲು ಮೇಲೇಳಲೇ ಇಲ್ಲ. ಮಷೀನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪಾದ ಎತ್ತದೆ, ನೆಲಕ್ಕೆ ಒರೆಸುವಂತೆ ಜಾರಿಸುತ್ತ ಹೊರಟಳು.

ಗೇಟಿನ ಕಡೆಗಲ್ಲ, ಪೀಲಿಂಗ್ ಹಾಲಿನ ಕಡೆಗೆ.

ಕಟಿಂಗಿನವರು ಆ ಬಾಗಿಲು ದಾಟುವ ರೂಢಿಯಿಲ್ಲ. ಒಡೆದ ಬೀಜದ ಟ್ರೇಯನ್ನು ಕಿಟಕಿಯಲ್ಲಿಟ್ಟು ಕೈ ತೆಗೆಯಬೇಕು. ಆಮೇಲೆ ಒಳಗಿನ ಕೈ ಬಂದು ಎತ್ತಿಕೊಳ್ಳುತ್ತದೆ. ದುರ್ಗಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಿಳಿ ಟೈಲು, ಫ್ಯಾನು, ಗಿಡ್ಡ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ನಲವತ್ತು ಹೆಂಗಸರು. ಶ್ರೀಗೌರಿಯ ಪಕ್ಕದ ಸ್ಟೂಲು ಖಾಲಿಯಿತ್ತು. ಅದರ ಮೇಲೆ ಮೆಲ್ಲಗೆ ಇಳಿದು ಕೂತಳು. ಸೀಳುತ್ತಿದ್ದ ಎಲುಬು ಸುಮ್ಮನಾಯಿತು. ತನ್ನ ಬಾಯಿಂದ ಹೊರಟ ಉಸಿರಿನ ಸದ್ದು ಅವಳಿಗೇ ಕೇಳಿಸಿತು.

“ದುರ್ಗಕ್ಕಾ, ಬೇಡ್ವೇ...” ಎಂದಳು ಶ್ರೀಗೌರಿ. ಸ್ಟೂಲನ್ನು ಎಳೆದುಕೊಂಡು ಆಚೆ ಹೋದಳು. ಅವಳ ಹಿಂದೆ ಮತ್ತೊಬ್ಬಳು. ಆಮೇಲೆ ಇಡೀ ಸಾಲು.

ಪೀಲಿಂಗ್ ಹಾಲ್ ನೋಡಿಕೊಳ್ಳುವ ಸರೋಜಕ್ಕ ಓಡಿ ಬಂದಳು. ಮೂರು ಹೆತ್ತವಳು, ಊರಿನ ಬಾಣಂತಿಯರಿಗೆಲ್ಲ ಮದ್ದು ಅರೆದು ಕೊಡುವವಳು.

“ಏಳೇ ಮಾರಾಯ್ತಿ. ಮೇಸ್ತ್ರಿ ಬೈತ್ರು.”

“ಏಳೂಕೆ ಆಗೂದಿಲ್ಲ ಸರೋಜಕ್ಕ. ತಗ್ಗಲ್ಲಿ ಕೂತ್ರೆ ನಂಗೆ ಒಬ್ಳೇ ಏಳೂಕೆ ಆಗೂದಿಲ್ಲ. ಕೈ ಹಿಡ್ದು ಎಬ್ಸಿ.”

ಅದು ನಿಜವೇ ಆಗಿತ್ತು. ಸರೋಜಕ್ಕನಿಗೆ ಅದು ನೋಡಿದೊಡನೆ ತಿಳಿಯಿತು. ಕೈ ತಾನಾಗಿ ಮುಂದೆ ಬಂತು. ಅರ್ಧಕ್ಕೆ ಬಂದ ಕೈ ಸುತ್ತಲಿನ ಕಣ್ಣುಗಳನ್ನು ಕಂಡು ಸೆರಗಿನೊಳಗೆ ಹೋಯಿತು.

ಅಷ್ಟರಲ್ಲಿ ಪಾಂಡು ಬಂದ. “ಎಳ್ದು ಹೊರಗೆ ಹಾಕ್ರೇ ಅದನ್ನ!”

ಯಾರೂ ಏಳಲಿಲ್ಲ.

“ನೀವೇ ಹಿಡೀರಿ ಮೇಸ್ತ್ರಿ,” ಎಂದಳು ದುರ್ಗಿ. “ಹಿಡ್ದ್ರೆ ಕಾನೂನು ಎಂತದೂ ಮಾಡೂದಿಲ್ಲ.”

“ಬಾಯಿ ಮುಚ್ಚೇ ಸೂಳೆ! ನಾಗೀ... ಏ ನಾಗೀ! ಬಾ ಇಲ್ಲಿ. ನಿಮ್ ಪೈಕಿದು ಇದು, ನೀನೇ ಎತ್ತು.”

ನಾಗಿ ಬಂದು ಬಾಗಿಲಲ್ಲೇ ನಿಂತಳು. ಹನ್ನೊಂದು ವರ್ಷದ ಕೆಲಸದಲ್ಲಿ ಅವಳು ಒಳಗೆ ಕಾಲಿಟ್ಟಿರಲಿಲ್ಲ.

“ಒಳಗೆ ಬರ್ಲಾ, ಒಡ್ಯಾ?”

ಪಾಂಡು ಆಚೀಚೆ ನೋಡಿದ. “ಹ್ಞಾ, ಬಾ. ಎಂತದೂ ಮುಟ್ಬೇಡ. ಇದನ್ನ ಎತ್ಕಂಡು ನಡೆ.”

ನಾಗಿ ಹಿಂದಿನಿಂದ ದುರ್ಗಿಯ ಕಂಕುಳಿಗೆ ಕೈ ಕೊಟ್ಟಳು. ಗೇರೆಣ್ಣೆ ತಾಗದಂತೆ ಬೂದಿ ಮೆತ್ತಿದ ಬೆಚ್ಚಗಿನ ಕೈ. ಎಷ್ಟೋ ದಿನದ ಮೇಲೆ ಒಬ್ಬರು ಅವಳನ್ನು ಹಿಡಿದಿದ್ದರು.

“ಎತ್ಬೇಡ, ನಾಗಕ್ಕ. ಸ್ಟೂಲು ಬೇಕಾದಷ್ಟು ಖಾಲಿ ಅದೆ. ನೀನೂ ಕೂತ್ಕೋ.”

“ನನ್ ಹೊಟ್ಟೆ ಮೇಲೆ ಹೊಡೀಬೇಡ್ವೇ, ತಂಗಿ,” ಎಂದು ನಾಗಿ ಕಿವಿಯಲ್ಲಿ ಹೇಳಿದಳು. ಎತ್ತಲಿಲ್ಲ. ಕೂರಲೂ ಇಲ್ಲ. ಕೈ ಹಿಂದೆಗೆದುಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಶೆಡ್ಡಿನಲ್ಲಿ ಅವಳ ಮಷೀನಿನ ಸದ್ದು ಶುರುವಾಯಿತು.

“ಕೂತ್ಕೋ ಹಾಂಗಾದ್ರೆ,” ಎಂದ ಪಾಂಡು. “ಎಷ್ಟೊತ್ತು ಕೂತ್ಕತ್ಯೋ ನಾನೂ ನೋಡ್ತೆ.”

ಅವಳ ತಲೆಯ ಮೇಲಿನ ಫ್ಯಾನನ್ನು ಆರಿಸಿದ. ಊಟದ ಬೆಲ್ಲು ಹೊಡೆಯಿತು. ನಲವತ್ತು ಹೆಂಗಸರು ಎದ್ದು, ಗೋಡೆಯ ಬದಿಯಿಂದ ಸುತ್ತು ಹಾಕಿ ಹೊರಗೆ ಹೋದರು. ಕೊನೆಗೆ ಹೋದ ಸರೋಜಕ್ಕ ತಿರುಗಿ ನೋಡಿದಳು, ಅಷ್ಟೇ. ಬಾಗಿಲು ಹಾಕಿಕೊಂಡಿತು. ಹೊರಗಿನಿಂದ ಚಿಲಕ ಬಿತ್ತು.

ದುರ್ಗಿಗೆ ಆಗಲೇ ಉಚ್ಚೆಗೆ ಅವಸರವಾಗಿತ್ತು. ಈಗೀಗ ಅದನ್ನು ಅರ್ಧ ಗಂಟೆ ತಡೆಯುವುದೂ ಕಷ್ಟ. ಕೂಗಿದರೆ ಯಾರಾದರೂ ಬರುತ್ತಿದ್ದರೇನೋ. ಬಂದವರು ಅವಳನ್ನು ಈ ಸ್ಟೂಲಿನಿಂದ ಎಬ್ಬಿಸುತ್ತಿದ್ದರು.

ಕೂಗಲಿಲ್ಲ. ಶ್ರೀಗೌರಿ ಬಿಟ್ಟುಹೋದ ಟ್ರೇಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ಬೀಜ ಎತ್ತಿ, ಹೆಬ್ಬೆರಳಿನಿಂದ ಅದರ ಕೆಂಪು ಸಿಪ್ಪೆಯನ್ನು ಉಜ್ಜತೊಡಗಿದಳು.