ಕೋರೆಹಲ್ಲಿನ ಬುಡ

"ತಾಳು, ಅಂಟು ಹಚ್ಚಬೇಡ!"

ಮಾರಿತ್ಸಾ ಶವ ಸಿಂಗರಿಸುವವನ ಕೈ ಹಿಡಿದುಬಿಟ್ಟಳು. ಅವನು ಅವಳ ತಾಯಿ ಎವುದೋಸಿಯಾಳ ತುಟಿಗಳನ್ನು ಮುಚ್ಚಿ ಅಂಟಿಸುವುದರಲ್ಲಿದ್ದ.

"ಸತ್ತೋಳ ಬಾಯಲ್ಲಿ ಏನೇ ನೋಡ್ತೀಯ?" ಅಣ್ಣ ವಿಲ್ಫ್ರಿದೊ ಅಡ್ಡ ಬಂದ. "ಪಾದ್ರಿಗಳು ಬರೋ ಹೊತ್ತಾಯ್ತು."

"ನನ್ನನ್ನ ಪಾಸು ಮಾಡಿಸಿದ ಫಿಲ್ಲಿಂಗ್ ಕಣೋ. ಒಂದ್ಸಲ ನೋಡ್ಬಿಡ್ತೀನಿ."

"ಬೇಡ ಅಂದ್ನಲ್ಲ!"

ಕಾಫಿ ಹಂಚುತ್ತಿದ್ದ ನೆರೆಯ ಹೆಂಗಸರು ಬಾಗಿಲಲ್ಲೇ ನಿಂತರು. ವಿಲ್ಫ್ರಿದೊ ತಂಗಿಯ ಮೇಲೆ ಎಂದೂ ದನಿಯೆತ್ತಿದವನಲ್ಲ. ಈಗ ಅವನ ಹಣೆಯಲ್ಲಿ ಬೆವರು ಮೂಡಿತ್ತು.

*

ಚೋನೆ ಊರಿನ ಶಾಲೆಯ ಬಾಗಿಲಲ್ಲಿ ಎವುದೋಸಿಯಾ ಉಪ್ಪು, ನಿಂಬೆರಸ ಹಾಕಿದ ಮಾವಿನಕಾಯಿ ಮಾರುತ್ತಿದ್ದಳು. ಮಾರಿದ್ದಕ್ಕಿಂತ ತಾನೇ ತಿಂದದ್ದು ಹೆಚ್ಚು ಎಂದು ಜನ ಛೇಡಿಸುತ್ತಿದ್ದರು. ಆ ಹುಳಿಗೆ ವಸಡಿನ ಬಳಿ ಹಲ್ಲುಗಳು ಸವೆದು ಗುಳಿಬಿದ್ದಿದ್ದವು.

ದೂರದ ಗುವಾಯಾಕಿಲ್ ನಗರದ ದಂತ ಕಾಲೇಜಿನ ಪರೀಕ್ಷೆಯಲ್ಲಿ ಮಾರಿತ್ಸಾ ಆಗಲೇ ಎರಡು ಸಲ ಸೋತಿದ್ದಳು. ಪರೀಕ್ಷೆಗೆ ರೋಗಿಯನ್ನು ತಾನೇ ಕರೆತರಬೇಕು; ಮೂರನೇ ಸಲ ಅವಳ ಕೈಗೆ ಬಾಯಿ ಕೊಡಲು ಯಾರೂ ಒಪ್ಪಲಿಲ್ಲ. ಎವುದೋಸಿಯಾ ಬಸ್ಸು ಹತ್ತಿ ಬಂದು ತಾನೇ ಕುರ್ಚಿಯಲ್ಲಿ ಕೂತಳು.

ವಸಡಿನ ಅಂಚಿನಲ್ಲಿ ಹಲ್ಲು ಒಣಗಲೊಲ್ಲದು. ಹತ್ತಿ ಇಟ್ಟಷ್ಟೂ ಎಂಜಲು, ಒರೆಸಿದಷ್ಟೂ ರಕ್ತ. ಮಾರಿತ್ಸಾಳ ಕೈ ನಡುಗುತ್ತಿತ್ತು. ಹೇಗೋ ಹಲ್ಲಿನ ಬಣ್ಣದ ಆ ಮುದ್ದೆಯನ್ನು ಕೋರೆಹಲ್ಲಿನ ಬುಡಕ್ಕೆ ಮೆತ್ತಿದಳು. ಪ್ರೊಫೆಸರ್ ಬಗ್ಗಿ ನೋಡಿ, "ಪಾಸು ಮಾಡ್ತೀನಿ. ಆದ್ರೆ ಇದು ಬಾಳೋದಿಲ್ಲ," ಎಂದರು.

ಮರಗಟ್ಟಿದ ತುಟಿಯಲ್ಲೇ ಎವುದೋಸಿಯಾ ತೊದಲಿದಳು: "ನಾನಿರೋವರೆಗೂ ಇರುತ್ತೆ ಸ್ವಾಮಿ. ನೋಡ್ತಿರಿ."

ಅಂದಿನಿಂದ ಮಗಳು ಊರಿಗೆ ಬಂದಾಗಲೆಲ್ಲ ದೂರದಿಂದಲೇ ತುಟಿ ಎತ್ತಿ ತೋರಿಸುವಳು. ಹತ್ತಿರ ಹೋದರೆ, "ಹೋಗೇ, ನಿನ್ನ ರೋಗಿಗಳನ್ನ ನೋಡ್ಕೋ," ಎನ್ನುವಳು. ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುವ ಮಾರಿತ್ಸಾ ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ, ಬಾಳೋದಿಲ್ಲ ಎಂದರೂ ಬಾಳಿದ ಅಮ್ಮನ ಹಲ್ಲಿನ ಫಿಲ್ಲಿಂಗಿನ ಕತೆ ಹೇಳುತ್ತಿದ್ದಳು.

*

ಅವಳು ಅಣ್ಣನನ್ನು ತಳ್ಳಿ, ಮೊಬೈಲಿನ ಬೆಳಕು ಹಿಡಿದು, ತಣ್ಣಗಿದ್ದ ಮೇಲ್ತುಟಿಯನ್ನು ಎತ್ತಿದಳು. ಅವಳು ಹಾಕಿದ್ದು ತುಸು ಹಳದಿ, ಅಂಚು ಒರಟು. ಅಲ್ಲಿದ್ದದ್ದು ನುಣುಪಾಗಿ, ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.

"ಇದು ನಂದಲ್ಲ," ಎಂದಳು. "ಯಾರು ಹಾಕಿದ್ದು?"

ವಿಲ್ಫ್ರಿದೊ ನೆಲ ನೋಡಿದ.

"ನಾನಮ್ಮ." ಬಾಗಿಲ ಬಳಿಯಿಂದ ದನಿ ಬಂತು. ಊರ ಚೌಕದಲ್ಲಿ ದವಾಖಾನೆ ಇಟ್ಟಿದ್ದ ಮುದುಕರು, ಹಲ್ಲಿನ ಡಾಕ್ಟರು ಅಂಚುಂದಿಯಾ. "ನೀನು ಹಾಕಿದ್ದು ವರ್ಷ ತುಂಬೋ ಮೊದಲೇ ಬಿತ್ತು. ಆಮೇಲೆ ನಾನು ಹಾಕ್ತಾ ಬಂದೆ. ನಂದೂ ಬೀಳ್ತಿತ್ತು. ಹುಳಿ ಬಿಡು ಅಂದ್ರೆ ಬಿಡ್ತಿದ್ಳಾ ಪುಣ್ಯಾತಗಿತ್ತಿ?"

"ನೀವೆಲ್ಲ ಸೇರ್ಕೊಂಡು ನನ್ನನ್ನ ನೋಡಿ ನಗ್ತಿದ್ರಾ?"

"ನಗಲಿಲ್ಲ ಕಣೆ," ಎಂದ ವಿಲ್ಫ್ರಿದೊ. "ಬಿದ್ದಾಗಲೆಲ್ಲ ನೀನು ಬರೋದ್ರೊಳಗೆ ಸರಿ ಮಾಡಿಸ್ಬೇಕು ಅಂತ ಗೋಳು ಹುಯ್ಕೊಳ್ತಿದ್ಳು. ಬೈಕಲ್ಲಿ ಕೂರಿಸ್ಕೊಂಡು ಓಡ್ತಿದ್ದೆ."

"ಮಗಳಿಗೇ ಹೇಳಬಾರದೇನಮ್ಮ ಅಂತ ಕೇಳಿದ್ದೆ," ಎಂದರು ಮುದುಕರು. "'ಹಲ್ಲು ನಂದು, ಕೈ ಅವಳದು ಡಾಕ್ಟ್ರೇ. ಹಲ್ಲು ಹೋದ್ರೆ ಹೋಗ್ಲಿ, ಆ ಕೈ ಮತ್ತೆ ನಡುಗಬಾರದು' ಅಂದ್ಳು."

ಮಾರಿತ್ಸಾ ಮೊಬೈಲಿನ ಬೆಳಕು ಆರಿಸಿದಳು. ತುಟಿಯನ್ನು ಮೆಲ್ಲಗೆ ಇಳಿಸಿ, ಅಂಟಿನವನಿಗೆ ಜಾಗ ಬಿಟ್ಟಳು. ಪಾದ್ರಿಗಳ ಪ್ರಾರ್ಥನೆ ಮುಗಿಯುವವರೆಗೂ ಅವಳು ಯಾರ ಮುಖವನ್ನೂ ನೋಡಲಿಲ್ಲ. ವಿಲ್ಫ್ರಿದೊ ಚಾಚಿದ ಕೈಯನ್ನೂ ಹಿಡಿಯಲಿಲ್ಲ.

ಶವಪೆಟ್ಟಿಗೆ ಎತ್ತುವ ಹೊತ್ತಾಯಿತು. ಪೆಟ್ಟಿಗೆಯ ಮುಂದಿನ ಎರಡು ಹಿಡಿಗಳು ಸತ್ತವಳ ಮಗ, ಮಗಳ ಪಾಲಿನವು. ಡಾಕ್ಟರು ಟೋಪಿ ಎದೆಗೊತ್ತಿಕೊಂಡು ಗೋಡೆಯ ಪಕ್ಕ ಸರಿದರು.

"ಡಾಕ್ಟ್ರೇ, ಬನ್ನಿ ಇಲ್ಲಿ," ಎಂದಳು ಮಾರಿತ್ಸಾ.

"ನನ್ನ ಕೈಲಿ ಶಕ್ತಿ ಇಲ್ಲಮ್ಮ."

"ಬನ್ನಿ ಅಂದೆ."

ಒಬ್ಬರಿಗಷ್ಟೇ ಸಾಲುವ ಅವಳ ಪಾಲಿನ ಹಿಡಿಯನ್ನು ಇಬ್ಬರೂ ಹಿಡಿದರು. ಸುಡುಬಿಸಿಲಿನ ಏರು ದಾರಿಯಲ್ಲಿ ಮುದುಕರ ಬೆರಳು ಜಾರಿದಾಗಲೆಲ್ಲ ಅವಳು ತನ್ನ ಬೆರಳನ್ನು ಕೆಳಗಿನಿಂದ ಒತ್ತಿಕೊಟ್ಟು ನಡೆದಳು.