ಲಕ್ಷ ಶಂಖಪುಷ್ಪ

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವಳು ನಾನೇ. ವೈಟ್‌ಫೀಲ್ಡಿನ ನಮ್ಮ ನಾಲ್ಕನೇ ಮಹಡಿಯ ಬಾಲ್ಕನಿಗೆ ಶಂಖಪುಷ್ಪದ ಬಳ್ಳಿ ಹಬ್ಬಿಸಿದವಳೂ ನಾನೇ. ಮೊದಲ ನೀಲಿ ಹೂ ಅರಳಿದ ದಿನ ದಾವಣಗೆರೆಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಶಿವಲಿಂಗಮ್ಮ, ಇಷ್ಟಲಿಂಗಕ್ಕೆ ಮನೆಯ ಬಳ್ಳಿಯದೇ ಲಕ್ಷ ಹೂ ಏರಿಸುತ್ತೇನೆಂದು ಹರಕೆ ಹೊತ್ತರು. ಪೂಜೆಯಲ್ಲಿ ಅವರ ಎಡಗೈಯಲ್ಲಿ ಲಿಂಗ. ಬಲಗೈ ಬೆರಳುಗಳಿಗೆ ಸಂಧಿವಾತ. ಹೂ ಬಿಡಿಸಿ ಒಂದೊಂದಾಗಿ ಕೈಗೆ ಕೊಡುವವರು ಬೇಕು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಚಪಲಕ್ಕೆ, ಮುಗಿಯುವ ತನಕ ನಾನೇ ಕೊಡುತ್ತೇನೆ ಎಂದುಬಿಟ್ಟೆ. ಎಂಜಿನಿಯರಂತೆ ನಾನು, ಲೆಕ್ಕವನ್ನೇ ಹಾಕಲಿಲ್ಲ.

ಆಗ ನನ್ನದು ಮನೆಯಿಂದಲೇ ಕೆಲಸ. ಜೂನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನವರು, ಆಗಸ್ಟಿನಿಂದ ದಿನಾ ಬರಲೇಬೇಕೆಂದರು. ಕ್ಯಾಬ್ ಏಳಕ್ಕೆ. ಮೊಣಕಾಲಿಗೆ ಎಣ್ಣೆ ತಿಕ್ಕಿ, ಸ್ನಾನ ಮುಗಿಸಿ ಅತ್ತೆ ಪೂಜೆಗೆ ಕೂರುವುದು ಎಂಟೂವರೆಗೆ. ದಿನಕ್ಕೆ ಇಪ್ಪತ್ತೈದು ಹೂವಾದರೆ ಲಕ್ಷಕ್ಕೆ ಹನ್ನೊಂದು ವರ್ಷ. ಮನೆಗೆಲಸದ ಲಕ್ಷ್ಮವ್ವನ ಕೈಯಲ್ಲಿ ಕೊಡಿಸೋಣವೇ ಎಂದು ಅತ್ತೆಯನ್ನು ಕೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಮೊದಲ್ನೇ ಹೂವು ಕೊಟ್ಟ ಕೈನೇ ಕಡೇ ಹೂವೂ ಕೊಡಬೇಕು ರಕ್ಷಿತಾ. ನಿನ್ ಬಾಯಿಂದ ಬಂದ ಮಾತೈತಿ."

ಗಂಡ ಸಿದ್ದಾರ್ಥ್, ಅಮ್ಮನ ಪೂಜೆಯ ವಿಷಯದಲ್ಲಿ ತಾನು ತಲೆ ಹಾಕುವುದಿಲ್ಲವೆಂದು ಜಾರಿಕೊಂಡ.

ಬಳ್ಳಿಯೇ ಹೋದರೆ ಹರಕೆ ಎಲ್ಲಿ? ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ, ಬೇರು ಕೀಳುವ ಧೈರ್ಯವಾಗದೆ ಕತ್ತರಿ ಹಿಡಿದು ಅದನ್ನು ಮೊಣಕಾಲೆತ್ತರಕ್ಕೆ ಇಳಿಸಿದೆ. ಹುಳ ಬಿದ್ದಿತ್ತೆಂದು ಸುಳ್ಳು ಹೇಳಿದೆ. ಪಾಪದ ಭಯ ಇತ್ತು, ಖುಷಿಯೂ ಇತ್ತು. ಹೂವಿಲ್ಲದ ಅಷ್ಟೂ ದಿನ ಅತ್ತೆ ಬರೀ ವಿಭೂತಿಯಲ್ಲಿ ಪೂಜೆ ಮಾಡಿ, ಸುಮ್ಮನೆ ಕಾದರು.

ಕತ್ತರಿಸಿದಲ್ಲೆಲ್ಲ ಎರಡೆರಡು ಕವಲು ಒಡೆಯಿತು. ಜುಲೈ ಕೊನೆಗೆ ಬಾಲ್ಕನಿಯ ಗ್ರಿಲ್ಲು ಪೂರ್ತಿ ಮುಚ್ಚಿ, ಕೆಳಗೆ ಕ್ಯಾಬ್ ಬಂದು ನಿಲ್ಲಬೇಕಾದ ಜಾಗವೂ ಕಾಣದಾಯಿತು. ಒಂದು ಬೆಳಿಗ್ಗೆ ಐವತ್ತೆರಡು ಹೂ. ಒಂದೊಂದೂ ನಾನೇ ಕೊಟ್ಟೆ. ಪೂಜೆ ಮುಗಿಸಿ ಅತ್ತೆ ನನ್ನ ತಲೆ ಸವರಿದರು.

"ನಿನ್ ಕೈಗುಣ ನೋಡವ್ವ. ಹಿಂಗಾದ್ರ ಐದು ವರ್ಷಕ್ಕ ಮುಗೀತೈತಿ."

ಆ ಕೈಯನ್ನು ತಳ್ಳಬೇಕೆನಿಸಿತು. ತಳ್ಳಲಿಲ್ಲ. ಮಧ್ಯಾಹ್ನ ಆಫೀಸಿಗೆ ರಾಜೀನಾಮೆ ಕಳಿಸಿದೆ. ಆಮೇಲೆ ನರ್ಸರಿಗೆ ಫೋನ್ ಮಾಡಿ ಇನ್ನೂ ಆರು ಕುಂಡ, ಎರಡು ಚೀಲ ಗೊಬ್ಬರ ತರಿಸಿದೆ. ಹೂ ಹೆಚ್ಚಿದಷ್ಟೂ ಬೇಗ ಬಿಡುಗಡೆ.